ಹದಿನೇಳನೇ ಹೋಲಿನ ನೆರಳು

"ಮಗು ಎಲ್ಲಿ ಮೇಡಂ?"

ಕೋಚ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಗಾಲ್ಫ್ ಕಲಿಸುವ ಡ್ರೈವಿಂಗ್ ರೇಂಜಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಮಕ್ಕಳು ಸಾಲಾಗಿ ನಿಂತು ಚೆಂಡು ಹೊಡೆಯುತ್ತಿದ್ದರು. ಅವರ ನಡುವೆ ಓಡಾಡುತ್ತಿದ್ದ ಕೋಚ್‌ಗೆ ಮುಖಕ್ಕಿಂತ ಮೀಸೆಯೇ ಜಾಸ್ತಿ.

"ಯಾವ ಮಗು?"

"ಕ್ಲಾಸಿಗೆ ಸೇರಿಸೋಕೆ ಬಂದಿದೀರಲ್ಲ, ಆ ಮಗು."

"ನಾನೇ ಆ ಮಗು," ಎಂದೆ.

ಆಗ ನನಗೆ ನಲವತ್ತಮೂರು. ಹಲ್ಲಿನ ಡಾಕ್ಟರು. ಮದುವೆ ಆಗಿತ್ತು, ಮುಗಿದೂ ಆಗಿತ್ತು. ಹಲ್ಲು ಕೀಳಿಸಿಕೊಂಡವರ ನಾಲಗೆ ಸ್ವಲ್ಪ ದಿನ ಖಾಲಿ ಜಾಗಕ್ಕೇ ಹೋಗುತ್ತಿರುತ್ತದೆ, ಸಂಜೆಗಳಲ್ಲಿ ನನ್ನ ಮನಸ್ಸೂ ಹಾಗೇ ಮಾಡುತ್ತಿತ್ತು. ಕ್ಲಿನಿಕ್ಕಿನ ಕಿಟಕಿಯಿಂದ ರೇಂಜಿನ ಎತ್ತರದ ಬಲೆ ಕಾಣುತ್ತಿತ್ತು, ಚೆಂಡಿನ ಟಕ್ ಟಕ್ ಕೇಳುತ್ತಿತ್ತು. ಒಂದು ದಿನ ಬಿಳಿ ಕೋಟು ಬಿಚ್ಚಿಟ್ಟು ರಸ್ತೆ ದಾಟಿದೆ.

ಮೂರು ವರ್ಷ ಕಲಿತ ಮೇಲೆ ಬಾಯಿ ಬಿಟ್ಟು ಹೇಳಿದೆ. "ಐವತ್ತು ತುಂಬಿದ ಮೇಲೆ ಸೀನಿಯರ್ ಟೂರ್ ಆಡ್ತೀನಿ ಕೋಚ್. ಪ್ರೊಫೆಷನಲ್ ಆಗಿ."

ಅವರು ನಗಲಿಲ್ಲ. ನಕ್ಕಿದ್ದರೆ ಸಿಟ್ಟು ಕಡಿಮೆ ಬರುತ್ತಿತ್ತು.

"ಡಾಕ್ಟ್ರೇ, ಸೀನಿಯರ್ ಟೂರ್ ಅಂದ್ರೆ ರಿಟೈರ್ ಆದವರ ವಾಕಿಂಗ್ ಅಂದ್ಕೊಂಡ್ರಾ? ಹಾಲುಹಲ್ಲು ಬೀಳೋ ಮುಂಚೆ ಗಾಲ್ಫ್ ಕೋಲು ಹಿಡಿದವರು ಅಲ್ಲಿರೋದು. ನಾನು ಯಂಗ್ ಆಗಿದ್ದಾಗ ಟೂರ್ ಆಡಿದವನು, ಬೆನ್ನು ಕೈಕೊಡೋವರೆಗೆ. ನಂಗೊತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?"

"ಬಗ್ಗೋಕೆ ಯಾರು ಬಂದಿದಾರೆ? ನಾನು ಹೊಡೆಯೋಕೆ ಬಂದಿರೋದು."

"ಅವರ ಅನುಭವ..."

"ಅವರ ಬೆನ್ನು, ಮಣಿಕಟ್ಟು ಎಲ್ಲಾ ಸವೆದಿದೆ. ನಂದು ಹೊಸದು. ಮತ್ತೆ ನನ್ನ ಕೈ ಇಪ್ಪತ್ತು ವರ್ಷದಿಂದ ಜನರ ಬಾಯೊಳಗೆ ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡ್ತಿದೆ. ಒಂದು ಸಲಾನೂ ನಡುಗಿಲ್ಲ."

ಅವರು ಮೀಸೆ ಸವರಿಕೊಂಡರು. "ನೀವು ಕಾರ್ಡ್ ಗೆಲ್ಲೋ ಹಾಗೆ ಆಡಿದ ದಿನ ಈ ಮೀಸೆ ಬೋಳಿಸ್ತೀನಿ."

"ರೇಜರ್ ಹರಿತ ಮಾಡಿಟ್ಕೊಳ್ಳಿ."

ಟೂರ್ ಅಂದರೆ ಊರೂರಿನಲ್ಲಿ ನಡೆಯುವ ಪಂದ್ಯಗಳ ಸರಣಿ, ಅದರಲ್ಲಿ ಒಂದು ವರ್ಷ ಆಡುವ ಹಕ್ಕಿಗೆ ಕಾರ್ಡ್ ಅನ್ನುತ್ತಾರೆ. ವರ್ಷಕ್ಕೊಮ್ಮೆ ಪರೀಕ್ಷೆಯ ಪಂದ್ಯ, ಮೊದಲ ಐವರಿಗೆ ಕಾರ್ಡ್. ಮಿಕ್ಕವರು ಮನೆಗೆ.

ಅಂದಿನಿಂದ ಕ್ಲಿನಿಕ್ ತೆರೆಯುವ ಮುಂಚೆ ದಿನವೂ ರೇಂಜ್. ಅವರು ಚೆಂಡಿನ ಹಿಂದೆ, ಗುರಿಗೆ ನೇರವಾಗಿ, ನನ್ನ ಬಲಗಡೆ ನಿಲ್ಲುತ್ತಿದ್ದರು. ಎಳೆ ಬಿಸಿಲಿಗೆ ಅವರ ನೆರಳು ಹುಲ್ಲಿನ ಮೇಲೆ ಮೆಲ್ಲಗೆ ಬಂದು ನನ್ನ ಶೂ ತುದಿಗೆ ತಾಗುತ್ತಿತ್ತು. ನಾನು ತಲೆ ಎತ್ತುತ್ತಿರಲಿಲ್ಲ. ಆದರೆ ಆ ನೆರಳು ಬಂದರೇನೇ ನನಗೆ ಬೆಳಗಾದ ಹಾಗೆ.

"ಏನು ನೋಡ್ತಿದೀರಿ ಕೋಚ್?"

"ಲೈನ್."

"ಇಷ್ಟೊತ್ತು?"

"ಲೈನ್ ಉದ್ದ ಇದೆ."

ಕತ್ತು ತಿರುಗಿಸಿದರೆ ಆ ಮನುಷ್ಯ ಗಂಭೀರವಾಗಿ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಕಿವಿ ಮಾತ್ರ ಕೆಂಪಗಾಗಿರುತ್ತಿತ್ತು. ನಾನು ನಗು ನುಂಗಿಕೊಂಡು ಮುಂದಿನ ಚೆಂಡು ಇಡುತ್ತಿದ್ದೆ.

ಮನೆಯಲ್ಲಿ ಯಾರಿಗೂ ಇದು ಹಿಡಿಸಲಿಲ್ಲ. "ಅಕ್ಕಾ, ಈ ವಯಸ್ಸಲ್ಲಿ ಮೊದಲು ಮಂಡಿ ನೋಡ್ಕೋ," ಎಂದ ತಮ್ಮ. "ನಾಲ್ಕು ಜನ ಏನಂತಾರೆ?" ಎಂದರು ಅಮ್ಮ.

"ಆ ನಾಲ್ಕೂ ಜನ ನನ್ನ ಪೇಷೆಂಟ್ಸು ಅಮ್ಮಾ. ಅವರ ಬಾಯಿ ನನ್ನ ಕೈಯಲ್ಲಿದೆ."

ಐವತ್ತಕ್ಕೆ ಪರೀಕ್ಷೆಗೆ ಹೋದೆ. ಮೊದಲ ದಿನವೇ ಮಣ್ಣು ಮುಕ್ಕಿದೆ. ತಮ್ಮ ಫೋನಿನಲ್ಲಿ, "ಆಸೆ ತೀರ್ತಲ್ಲ?" ಎಂದ. ತೀರಿರಲಿಲ್ಲ. ಕ್ಲಿನಿಕ್ಕನ್ನು ಜೂನಿಯರ್ ಕೈಗೆ ಒಪ್ಪಿಸಿ ಇನ್ನೊಂದು ವರ್ಷ ಪೂರ್ತಿ ಅದರಲ್ಲೇ ಮುಳುಗಿದೆ. ಐವತ್ತೊಂದಕ್ಕೆ ಮತ್ತೆ ಹೋದಾಗ ಬ್ಯಾಗ್ ಹೊತ್ತು ಜೊತೆಗೆ ಬರುವ ಕ್ಯಾಡಿಯಾಗಿ ಅವರೇ ಬಂದರು.

"ಮೀಸೆ ಕಾಯೋಕೆ ಬರ್ತಿದೀರಾ?" ಎಂದೆ.

"ಬ್ಯಾಗ್ ಕಾಯೋಕೆ," ಎಂದರು.

ಕೊನೆಯ ದಿನ, ಹದಿನೆಂಟರಲ್ಲಿ ಹದಿನೇಳನೇ ಹೋಲು. ನಾನು ಐದನೇ ಸ್ಥಾನದಲ್ಲಿದ್ದೆ, ಆರನೆಯವಳು ಒಂದು ಸ್ಟ್ರೋಕ್, ಅಂದರೆ ಒಂದು ಹೊಡೆತ, ಹಿಂದೆ. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲೆ. ನನ್ನ ಜೊತೆ ಆಡುತ್ತಿದ್ದವರು ಮೂವತ್ತು ವರ್ಷ ಟೂರ್ ಆಡಿ ಈಗ ಸೀನಿಯರ್ ಕಾರ್ಡಿಗೆ ಬಂದಿದ್ದ ಹೆಂಗಸು. ಎಲ್ಲರೂ ಅವರನ್ನು ಮಹಾರಾಣಿ ಎನ್ನುತ್ತಿದ್ದರು. ಬೆಳಗಿನಿಂದ ಆಕೆ ನನ್ನೊಡನೆ ಆಡಿದ್ದು ಎರಡೇ ಮಾತು.

ಸಂಜೆಯ ಬಿಸಿಲು ಓರೆಯಾಗಿತ್ತು. ನಾನು ಕಾಲೂರಿ ನಿಂತೆ. ಬಲಗಡೆಯಿಂದ ಒಂದು ನೆರಳು ಮೆಲ್ಲಗೆ ಬಂದು ನನ್ನ ಶೂ ತುದಿಗೆ ತಾಗಿತು. ಮನಸ್ಸು ತಣ್ಣಗಾಯಿತು. ಹೊಡೆದೆ. ಚೆಂಡು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಹೋಗಿ ಬಾವುಟದ ಪಕ್ಕ ಕೂತಿತು.

"ಕ್ಷಮಿಸಿ," ಎಂದರು ಮಹಾರಾಣಿ. "ರೆಫರಿನ ಕರೀಬೇಕು."

ಆಗ ಹೊಳೆಯಿತು. ರೇಂಜಿನಲ್ಲಿ ಹೇಗೆ ಬೇಕಾದರೂ ನಿಲ್ಲಬಹುದು. ಪಂದ್ಯದಲ್ಲಿ ಆಟಗಾರ್ತಿ ಕಾಲೂರಿದ ಮೇಲೆ ಕ್ಯಾಡಿ ಗೊತ್ತಿದ್ದೂ ಚೆಂಡಿನ ಹಿಂದೆ ಗುರಿಗೆ ನೇರವಾಗಿ ನಿಂತಿದ್ದರೆ ಎರಡು ಸ್ಟ್ರೋಕ್ ದಂಡ. ಮಕ್ಕಳಿಗೆ ಈ ರೂಲನ್ನು ಬಾಯಿಪಾಠ ಮಾಡಿಸಿದವರೇ ಅವರು.

ರೆಫರಿ ಬಂದರು. ಸೌಮ್ಯ ಮುಖದ ವಯಸ್ಸಾದವರು. "ಬ್ಯಾಗ್ ಕಡೆ ನೋಡ್ತಿದ್ರಾ ನೀವು? ಇವರು ಕಾಲೂರಿದ್ದು ಗಮನಕ್ಕೆ ಬರಲಿಲ್ವಾ? ಹಾಗಿದ್ರೆ ದಂಡ ಇಲ್ಲ."

ದಾರಿ ಬಿಟ್ಟುಕೊಟ್ಟ ಹಾಗೇ ಕೇಳಿದ್ದರು. ಹೂಂ ಅನ್ನಿ, ಒಂದೇ ಒಂದು ಹೂಂ, ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಗೊತ್ತಿತ್ತು," ಎಂದರು ಕೋಚ್.

"ಗುರಿ ತೋರಿಸ್ತಿದ್ರಾ?"

"ಇಲ್ಲ. ನೋಡ್ತಿದ್ದೆ."

"ಏನನ್ನ?"

"ಇವರನ್ನ." ಕಿವಿಯಿಂದ ಶುರುವಾದ ಕೆಂಪು ಮುಖಕ್ಕೆಲ್ಲ ಹರಡಿತು. "ಎಂಟು ವರ್ಷದಿಂದ ಅಲ್ಲೇ ನಿಂತು ನೋಡ್ತಿದೀನಿ. ಲೈನ್ ನೋಡೋದು ಬಿಟ್ಟು ಯಾವ ಕಾಲ ಆಯ್ತೋ. ಇವತ್ತು ಪಂದ್ಯ ಅನ್ನೋದೇ ಮರೆತುಹೋಯ್ತು."

ಮಹಾರಾಣಿ ತಮ್ಮ ಗ್ಲೌಸನ್ನು ತುಂಬ ಆಸಕ್ತಿಯಿಂದ ನೋಡತೊಡಗಿದರು. ರೆಫರಿ ಕೆಮ್ಮಿದರು.

"ಯಾವ ಕಾರಣಕ್ಕೂ ನಿಲ್ಲಬಾರದು ಅಂತಲೇ ರೂಲು. ಇದಕ್ಕೂ ವಿನಾಯಿತಿ ಇಲ್ಲ. ಎರಡು ಸ್ಟ್ರೋಕ್."

ಕೊನೆಯ ಹೋಲಿನಲ್ಲಿ ನನ್ನ ಚೆಂಡು ಕುಳಿಯಿಂದ ಒಂದು ಬೆರಳು ದೂರದಲ್ಲಿ ನಿಂತುಬಿಟ್ಟಿತು. ಒಂದೇ ಒಂದು ಸ್ಟ್ರೋಕಿಗೆ ಕಾರ್ಡ್ ಹೋಯಿತು.

ಕೈ ಕುಲುಕುವಾಗ ಮಹಾರಾಣಿ ಕೇಳಿದರು, "ಮುಂದಿನ ವರ್ಷ ಬರ್ತೀರಾ?"

"ಬರ್ತೀನಿ."

"ಬರಬೇಡಿ," ಎಂದು ಆಕೆ ನಕ್ಕರು. "ನಮ್ಮಂಥವರಿಗೆ ಕಷ್ಟ ಆಗುತ್ತೆ."

ಮೂವತ್ತು ವರ್ಷ ಟೂರ್ ಆಡಿದ ಬಾಯಿಂದ ಬಂದ ಆ ಮಾತನ್ನು ನಾನು ಯಾವ ಕಾರ್ಡಿಗೂ ಬದಲಾಗಿ ಕೊಡುವುದಿಲ್ಲ. ಆದರೂ ಸಿಟ್ಟಿನಿಂದ ಕಾರ್ ಪಾರ್ಕಿಂಗಿಗೆ ದಾಪುಗಾಲು ಹಾಕಿದೆ. ಕೋಚ್ ಬ್ಯಾಗ್ ಹಿಡಿದು ತಲೆ ತಗ್ಗಿಸಿ ನಿಂತಿದ್ದರು.

"ಡಾಕ್ಟ್ರೇ, ನನ್ನಿಂದ..."

"ಎಂಟು ವರ್ಷ! ನೋಡೋಕೆ, ಹೇಳೋಕೆ ಎಂಟು ವರ್ಷ ಇತ್ತಲ್ರೀ! ಎಲ್ಲಾ ಬಿಟ್ಟು ಹದಿನೇಳನೇ ಹೋಲೇ ಬೇಕಿತ್ತಾ ನಿಮಗೆ?"

ನಾನು ಕಾರಿನ ಬಾಗಿಲು ದಡಾರನೆ ಹಾಕಿಕೊಂಡು ಲಾಡ್ಜಿಗೆ ಹೋದೆ. ತಮ್ಮನಿಗೆ ಫೋನ್ ಮಾಡಿ, "ಸೋತೆ. ಆಸೆ ತೀರಿಲ್ಲ. ಮುಂದಿನ ವರ್ಷ ಮತ್ತೆ ಹೋಗ್ತೀನಿ. ಈಗ ಬೈದುಬಿಡು," ಎಂದೆ. "ಮಂಡಿ ಹೇಗಿದೆ ಅಕ್ಕಾ?" ಎಂದ.

ಬೆಳಿಗ್ಗೆ ಲಾಡ್ಜಿನ ಊಟದ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಯಾರೋ ಬಂದು ಎದುರಿನ ಕುರ್ಚಿ ಎಳೆದರು. "ಇಲ್ಲಿ ಜನ ಬರ್ತಾರೆ," ಎನ್ನುತ್ತಾ ತಲೆ ಎತ್ತಿದವಳು ಕಪ್ಪು ಹಿಡಿದೇ ಕೂತೆ.

ಮೀಸೆ ಇರಲಿಲ್ಲ. ಬಿಸಿಲು ಕಾಣದ ತುಟಿಯ ಮೇಲ್ಭಾಗ ಬೆಳ್ಳಗೆ ಸಣ್ಣ ಹುಡುಗನದರಂತೆ ಕಾಣುತ್ತಿತ್ತು. ಒಂದು ಕಡೆ ಬ್ಲೇಡು ತಾಗಿ ಕೊಯ್ದಿತ್ತು.

"ನಾನು ಕಾರ್ಡ್ ಗೆಲ್ಲಲಿಲ್ವಲ್ಲ," ಎಂದೆ.

"ಗೆಲ್ಲೋ ಹಾಗೆ ಆಡಿದ್ರೆ ಅಂತ ಹೇಳಿದ್ದು. ನೀವು ಹಾಗೇ ಆಡಿದ್ರಿ, ಕಳೆದಿದ್ದು ನಾನು. ಮರ ಬಗ್ಗಲ್ಲ ಅಂದಿದ್ದೆನಲ್ಲ, ಆ ಮಾತು ವಾಪಸ್ ತಗೋತೀನಿ. ಪಂಥ ಸೋತೆ. ಇನ್ನೊಂದು ಮಾತು, ಅದನ್ನ ರೆಫರಿ ಮುಂದೆ ಹೇಳಿದ್ದೆ. ಅದು ವಾಪಸ್ ತಗೊಳಲ್ಲ."

ನಗಬಾರದು ಎಂದುಕೊಂಡೆ. ಅವರು ಹೆದರುತ್ತಾ ನಕ್ಕರು. ಮೀಸೆಯ ಮರೆಯಿಲ್ಲದೆ ಅವರ ಮೇಲಿನ ಸಾಲಿನ ಹಲ್ಲುಗಳನ್ನು ನಾನು ನೋಡಿದ್ದು ಅದೇ ಮೊದಲು. ಮುಂದಿನ ಹಲ್ಲೊಂದು ಚೂರು ವಾರೆ. ಸರಿಮಾಡಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ.

"ನಂದೂ ಒಂದು ಮಾತಿದೆ," ಎಂದೆ. "ನಿಮ್ಮ ನೆರಳು ಬಂದಿದ್ದು ನನಗೆ ಕಾಣಿಸಿತ್ತು. ಹೊಡೆಯೋ ಮುಂಚೆ ಒಂದು ಹೆಜ್ಜೆ ಹಿಂದೆ ಸರಿದಿದ್ರೆ ದಂಡಾನೇ ಇರ್ತಿರಲಿಲ್ಲ."

"ಮತ್ತೆ ಯಾಕೆ ಸರೀಲಿಲ್ಲ?"

"ಹಿತವಾಗಿತ್ತು."

ಅವರ ಕಿವಿ ಕೆಂಪಾಯಿತು. ಈಗ ಮುಚ್ಚಿಕೊಳ್ಳಲು ಟೋಪಿಯೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ನಾನು ಟಿಶ್ಯೂ ತೆಗೆದು ಆ ಗಾಯದ ಮೇಲೆ ಒತ್ತಿ ಹಿಡಿದೆ. ಇಷ್ಟು ವರ್ಷ ಯಾರ ಬಾಯಿಯ ಬಳಿಯೂ ನಡುಗದ ಕೈ ನಡುಗಿತು.

"ಮುಂದಿನ ವರ್ಷ ನನಗೆ ಐವತ್ತೆರಡು," ಎಂದೆ. "ಬ್ಯಾಗ್ ಹೊರ್ತೀರಾ?"

"ಹೊರ್ತೀನಿ. ಎಲ್ಲಿ ನಿಲ್ಲಲಿ?"

"ಎದುರಿಗೆ ನಿಲ್ಲಿ. ಎಷ್ಟು ಬೇಕಾದ್ರೂ ನೋಡಿ. ಅದಕ್ಕೆ ಯಾವ ದಂಡಾನೂ ಇಲ್ಲ."