ಬೆಳಕಿಗೆ ಅಡ್ಡ ನಿಂತವರು

“ಅರ್ಧಚಂದ್ರನ ಮೇಲೆ ಭೂಮಿಯ ನೆರಳಾ? ಯಾರೇ ಹೇಳಿದ್ದು ನಿಂಗೆ?” ಪಕ್ಕದ ಬೆಂಚಿನ ಹನ್ಸೋಲ್ ಚಾರ್ಟಿನ ಮೇಲೆ ಬೆರಳಿಟ್ಟು ನಕ್ಕ. “ಹೋದ ವಾರ ಮಧ್ಯಾಹ್ನ ಸೂರ್ಯನೂ ಇದ್ದ, ಅರ್ಧಚಂದ್ರನೂ ಇದ್ದ. ನಡುವೆ ಭೂಮಿ ಎಲ್ಲಿಂದ ಬಂತು? ಹಾರ್ಕೊಂಡು ಬಂತಾ?”

ಗರಾಮ್ ತಾನು ಬರೆದ ಚಾರ್ಟನ್ನು ಸುರುಳಿ ಸುತ್ತಿ ಬಗಲಿಗಿಟ್ಟಳು. ಇವತ್ತು ಸಂಜೆ ಚಂದ್ರಗ್ರಹಣ. ಊರವರೆಲ್ಲ ಶಾಲೆಯ ಮೈದಾನಕ್ಕೆ ಬರುತ್ತಾರೆ. ಚಾರ್ಟ್ ತೋರಿಸಿ ವಿವರಿಸಬೇಕಾದವಳು ಅವಳೇ.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿದ್ದರು. ಸಿಪ್ಪೆ ತೆಗೆದ ಪರ್ಸಿಮನ್ ಹಣ್ಣುಗಳನ್ನು ದಾರಕ್ಕೆ ಕಟ್ಟಿ, ಒಣಗಲು ಸೂರಿನಿಂದ ಇಳಿಬಿಡುತ್ತಿದ್ದರು. ಈ ತಿಂಗಳು ಸಾಂಗ್ಜು ಊರಿನ ಮನೆಮನೆಯಲ್ಲೂ ಇದೇ ಕೆಲಸ.

“ಯಾಕೆ, ಹುಳಿ ಕಿಮ್ಚಿ ತಿಂದ ಹಾಗಿದೆ ಮುಖ?”

“ನಾನು ಹೋಗಲ್ಲ ಅಜ್ಜಿ. ಎಲ್ರೂ ನಗ್ತಾರೆ.”

“ನಗಲಿ ಬಿಡು. ಮೊದ್ಲು ಆ ಕಡೆ ಸರಿ ಪುಟ್ಟಿ. ಬೆಳಕಿಗೆ ಅಡ್ಡ ನಿಂತಿದ್ದೀಯ, ಗಂಟು ಕಾಣಿಸ್ತಿಲ್ಲ.”

ಗರಾಮ್ ನೋಡಿದಳು. ಕಣ್ಣೆದುರಿನ ಹಣ್ಣಿನ ಮೇಲೆ ಅವಳ ತಲೆಯ ದುಂಡು ನೆರಳು. ತುಸು ಬಗ್ಗಿದಳು. ನೆರಳು ಕೆಳಗೆ ಜಾರಿತು, ಇಳಿಬಿಸಿಲಿಗೆ ಹಣ್ಣು ಪೂರ್ತಿ ಹೊಳೆಯಿತು. ಹುಣ್ಣಿಮೆ!

ಪಕ್ಕಕ್ಕೆ ಸರಿದಳು. ಅದೇ ಹಣ್ಣು ಅರ್ಧ ಹೊಳಪು, ಅರ್ಧ ಕಪ್ಪು. ಅದರ ಮೇಲೆ ಯಾರ ನೆರಳೂ ಇಲ್ಲ. ಬಿಸಿಲು ಬೀಳದ ಬದಿ, ಅಷ್ಟೇ. ಇನ್ನೂ ಸುತ್ತಿ ಹೋದರೆ ತೆಳ್ಳನೆಯ ಗೆರೆ. ಆಚೆ ಬದಿಗೆ ಹೋಗಿ ಸೂರ್ಯನ ಕಡೆ ಮುಖ ಮಾಡಿದರೆ ಪೂರ್ತಿ ಕಪ್ಪು, ಅಮಾವಾಸ್ಯೆ.

“ಏನೇ ಇದು, ಬುಗುರಿ ಹಾಗೆ ಸುತ್ತೋದು!”

“ಒಂದು ಹಣ್ಣು ಕೊಡಜ್ಜಿ, ಪ್ಲೀಸ್!”

ಚಾರ್ಟ್ ಜಗಲಿಯಲ್ಲೇ ಉಳಿಯಿತು.

ಕತ್ತಲಾಗುವ ಹೊತ್ತಿಗೆ ಹಣ್ಣು ಮೈದಾನದ ಗೋಲ್‌ಪೋಸ್ಟಿನಿಂದ ತೂಗುತ್ತಿತ್ತು. ಗರಾಮ್ ಹನ್ಸೋಲನ ಕೈಗೆ ಟಾರ್ಚ್ ಕೊಟ್ಟಳು. “ನೀನು ಹೇಳಿದ್ದೇ ಸರಿ. ಈಗ ನೀನೇ ಸೂರ್ಯ. ಅಲ್ಲಾಡ್ಬೇಡ.”

“ಆಮೇಲೆ ಹಣ್ಣು ನಂಗೆ ತಾನೇ?”

“ತಿನ್ನು. ಇನ್ನೂ ಒಣಗಿಲ್ಲ, ನಾಲಿಗೆಯೆಲ್ಲ ಒಗರಾಗತ್ತೆ!”

ಜನ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಹಣ್ಣಿನ ಸುತ್ತ ನಡೆದರು. ಅಷ್ಟರಲ್ಲಿ ಬೆಟ್ಟದ ಮೇಲಿದ್ದ ಚಂದ್ರನ ಅಂಚು ಮಸುಕಾಗತೊಡಗಿತು. ಎಲ್ಲರೂ ಕತ್ತೆತ್ತಿದರು.

“ಅಲ್ಲಿ ಬೆಳಕಿಗೆ ಅಡ್ಡ ನಿಂತಿರೋದು ಯಾರೇ?” ಅಜ್ಜಿ ಪಿಸುಗುಟ್ಟಿದರು.

ಗರಾಮ್ ಚಂದ್ರನ ಮೇಲೆ ಹತ್ತುತ್ತಿದ್ದ ಭೂಮಿಯ ಆ ದುಂಡು ನೆರಳನ್ನೇ ನೋಡಿದಳು. ಈ ಮೈದಾನ, ಗೋಲ್‌ಪೋಸ್ಟು, ಹನ್ಸೋಲ್, ಅಜ್ಜಿ, ಎಲ್ಲರೂ ಅದರೊಳಗಿದ್ದರು.

“ನಾವೇ ಅಜ್ಜಿ,” ಅಂದಳು ಮೆಲ್ಲಗೆ.