ಕಾರಕೂನನ ಮೀಸೆ

"ಅಲುಗಾಡಬ್ಯಾಡ ಶಿವಲೀಲಾ, ಮೀಸಿ ಸೊಟ್ಟ ಆಗತೈತಿ!" ಶಮೀನಾ ಟೀಚರ್ ಕಾಡಿಗೆ ಡಬ್ಬಿ ಹಿಡಿದುಕೊಂಡೇ ಗದರಿಸಿದರು.

ಶಿವಲೀಲಾಳ ಕಣ್ಣು ಪರದೆಯ ಸಂದಿಯಲ್ಲೇ ಇತ್ತು. ಶಾಲೆಯ ಅಂಗಳದ ತುಂಬ ಕುರ್ಚಿಗಳು. ಎಲ್ಲರ ಅಪ್ಪ ಅವ್ವ ಬಂದು ಕೂತಿದ್ದರು. ಅವಳ ಅಪ್ಪನ ನೀಲಿ ಚೌಕಡಿ ಅಂಗಿ ಮಾತ್ರ ಎಲ್ಲೂ ಕಾಣಲಿಲ್ಲ.

ಅವ್ವ ಬರುವ ಹಾಗಿರಲಿಲ್ಲ. ಕಾಲು ಮುರಿದುಕೊಂಡ ಅಜ್ಜಿಯ ಜೊತೆ ಗಂಗಾವತಿಯ ದವಾಖಾನೆಯಲ್ಲಿ ಹದಿನೈದು ದಿನದಿಂದ ಇದ್ದಳು. ಅಪ್ಪ ದೇವೇಂದ್ರಪ್ಪನಿಗೆ ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಶಿವಲೀಲಾ ಏಳುವ ಹೊತ್ತಿಗೆ ಅವನು ಹೋಗಿರುತ್ತಿದ್ದ, ಇಲ್ಲವೇ ಆಗಷ್ಟೇ ಬಂದು ಮಲಗಿರುತ್ತಿದ್ದ. ಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಗೋಡೆ ಮೇಲಿನ ಹಲ್ಲಿ ಒಂದೇ. ಅದೂ ಒಮ್ಮೆ ಲೊಚಗುಟ್ಟಿ ಸುಮ್ಮನಾಗುತ್ತಿತ್ತು.

"ಎರಡಕ್ಕ ಶಿಫ್ಟ್ ಮುಗಿತೈತಿ. ಮೂರಕ್ಕ ನಿನ್ನ ನಾಟಕ. ಬಂದ ಬರ್ತೀನಿ ಯವ್ವಾ," ಎಂದಿದ್ದ ಅಪ್ಪ. ಈಗ ಮೂರೂಕಾಲು.

ನಾಟಕ ಬಹಳ ಹಳೆಯದು. ಟೀಚರ್ ಅವರ ಅಜ್ಜನ ಕಾಲದಲ್ಲೂ ಜನ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ. ಮನೆ ಬಿಟ್ಟು ಬಂದ ಹುಡುಗಿಯೊಬ್ಬಳು ಮೀಸೆ ಹಚ್ಚಿಕೊಂಡು, ಸಾಹುಕಾರನ ಹತ್ತಿರ ಪತ್ರ ಬರೆಯುವ ಕಾರಕೂನ ಆಗುತ್ತಾಳೆ. ಹುಡುಕಿಕೊಂಡು ಬಂದ ಅವಳಪ್ಪ ಗುರುತೇ ಸಿಗದೆ ಅವಳನ್ನೇ ವಿಚಾರಿಸುತ್ತಾನೆ.

ಪ್ರಾಕ್ಟೀಸಿನಲ್ಲಿ ಶಿವಲೀಲಾ ಜಗಳವನ್ನೇ ತೆಗೆದಿದ್ದಳು. "ಇದು ಸುಳ್ಳ ಐತ್ರಿ ಟೀಚರ್. ಸ್ವಂತ ಮನಿಯವರ ಗುರ್ತ ಹತ್ತಂಗಿಲ್ಲೇನ್ರಿ?"

"ನಾಟಕದಾಗ ಹಂಗ ಇರತೈತಿ. ನೀ ಮೊದ್ಲ ಮಾತು ಬಾಯಿಪಾಠ ಮಾಡು," ಎಂದಿದ್ದರು ಟೀಚರ್.

ಪರದೆ ಸರಿಯಿತು. ಅವಳ ಕ್ಲಾಸಿನ ಹಾಲೇಶ ಹತ್ತಿಯ ಗಡ್ಡ ಅಂಟಿಸಿಕೊಂಡು ಅಪ್ಪನಾಗಿ ಬಂದ. ಗಡ್ಡ ಬಾಯೊಳಗೆ ಹೋಗಿ "ಥೂ ಥೂ" ಎಂದ. ಜನ ಹೋ ಎಂದರು.

"ತಮ್ಮಾ, ನನ್ನ ಮಗಳನ್ನ ನೋಡೀಯೇನು?"

"ಇಲ್ರಿ ಯಜಮಾನ್ರ, ಆಕಿ ಯಾವ ಕಡೆ ಹೋಗ್ಯಾಳೋ ಏನೋ!" ಎಂದಳು ಶಿವಲೀಲಾ, ಗಂಡುದನಿಯಲ್ಲಿ.

ಅಂಗಳಕ್ಕೆ ಅಂಗಳವೇ ನಕ್ಕಿತು. ಅವಳ ಕಣ್ಣು ಮಾತ್ರ ಮತ್ತೆ ನೀಲಿ ಅಂಗಿ ಹುಡುಕಿತು. ಅಷ್ಟು ಜನರ ಎದುರು ನಿಂತೂ ಅವಳಿಗೆ ತಾನೊಬ್ಬಳೇ ಅನ್ನಿಸಿತು.

ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಂದೆ ಬೇವಿನ ಮರದ ಹತ್ತಿರ ನಿಂತಿದ್ದ ಒಬ್ಬ ಕೆಲಸಗಾರ. ಹಳದಿ ಹೆಲ್ಮೆಟ್, ಮೈಯೆಲ್ಲ ಕಪ್ಪು ಧೂಳು, ಹಲ್ಲು ಮಾತ್ರ ಬಿಳಿ. ಶಿವಲೀಲಾಗೆ ಹೊಟ್ಟೆಕಿಚ್ಚಾಯಿತು. ನೋಡು, ಯಾರದೋ ಅಪ್ಪ ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದಾನೆ!

ನಾಟಕ ಮುಗಿಯಿತು. ಉಳಿದವರೆಲ್ಲ ಮನೆಯವರ ಜೊತೆ ಫೋಟೋ ತೆಗೆಸಿಕೊಳ್ಳತೊಡಗಿದರು. ಅವಳು ಮೀಸೆ ಸಮೇತ ಮೆಟ್ಟಿಲ ಮೇಲೆ ಕೂತಳು.

ಆ ಕೆಲಸಗಾರ ನೇರ ಅವಳ ಹತ್ತಿರವೇ ಬಂದ. ಅವಳು ಗಾಬರಿಯಾಗಿ ಎದ್ದು ನಿಂತಳು. "ಯಾರ ಬೇಕ್ರಿ?"

ಅವನು ಹೆಲ್ಮೆಟ್ ತೆಗೆದ. "ತಮ್ಮಾ, ನನ್ನ ಮಗಳನ್ನ ನೋಡೀಯೇನು?"

ದನಿ ಅಪ್ಪನದು!

ಅಪ್ಪ ದಿನಾ ಫ್ಯಾಕ್ಟರಿಯಲ್ಲೇ ಮೈ ತೊಳೆದು, ನೀಲಿ ಅಂಗಿ ಹಾಕಿಕೊಂಡು ಬರುತ್ತಿದ್ದ. ಬಂದರೆ ಸೋಪಿನ ವಾಸನೆ. ಈ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

"ನನ್ನ ಬದ್ಲಿಗೆ ಬರಾಂವ ಬರಲಿಲ್ಲ ಯವ್ವಾ. ಅರ್ಧ ತಾಸು ಕೇಳ್ಕೊಂಡು ಓಡಿ ಬಂದೆ, ಹೊಳ್ಳಿ ಹೋಗಬೇಕು. ಭಾಳ ಛಲೋ ಮಾಡಿದಿ! ಮೀಸಿ ಹಚ್ಚಿದ್ರ ಏನಾತು, ಬಂದ ಕೂಡ್ಲೇ ಗುರ್ತ ಹಿಡಿದೆ."

ಶಿವಲೀಲಾ ತಲೆ ತಗ್ಗಿಸಿದಳು. ಟೀಚರ್ ಜೊತೆ ಮಾಡಿದ ಜಗಳ ನೆನಪಾಯಿತು. ಆಮೇಲೆ ಅವನನ್ನು ತಬ್ಬಿಕೊಳ್ಳಲು ಹೋದಳು.

"ಬ್ಯಾಡ, ಅಂಗಿ ಹೊಲಸ ಆಗತೈತಿ," ಎಂದು ಅಪ್ಪ ಹಿಂದೆ ಸರಿದ. ಅವಳು ಕೇಳಲೇ ಇಲ್ಲ.

"ಯಪ್ಪಾ, ಇವತ್ತ ಫ್ಯಾಕ್ಟರ್ಯಾಗ ಮುಖ ತೊಳ್ಕೋಬ್ಯಾಡ. ಹಂಗ ಮನಿಗಿ ಬಾ."

"ಯಾಕ?"

"ನಾ ನೋಡಬೇಕು."

ಅಪ್ಪ ಕಪ್ಪು ಬೆರಳಿನಿಂದ ಅವಳ ಮೀಸೆ ತೀಡಿದ. "ಆತು," ಎಂದು ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಿದ.

ಶಿವಲೀಲಾ ಗೇಟಿನ ತನಕ ಓಡಿದಳು. ರಸ್ತೆಯಲ್ಲಿ ಫ್ಯಾಕ್ಟರಿ ಕಡೆ ಹೋಗುವ ಬೈಕುಗಳು ಬಹಳ ಇದ್ದವು, ಎಲ್ಲರ ತಲೆಗೂ ಅದೇ ಹಳದಿ ಹೆಲ್ಮೆಟ್. ಅಷ್ಟು ಜನರ ನಡುವೆಯೂ ತಿರುವು ಬರುವ ತನಕ, ಅಪ್ಪನ ಬೆನ್ನು ಯಾವುದೆಂದು ಅವಳಿಗೆ ಗೊತ್ತಾಗುತ್ತಿತ್ತು.