ರಾಣಿಯ ಮೂಗುತಿ

ಮೂರನೆಯ ವರ್ಷವೂ ಕಮಲಾಪುರದ ನಾಟಕ ಕಂಪನಿಯ ಪರದೆ ಬರೆಯುವ ಕೆಲಸ ಬಂಡೂಪಂತನಿಗೇ ಹೋಯಿತು. "ನಿನ್ನ ರಾಣಿ ಗೊಂಬಿ ಇದ್ದಂಗ ಇರ್ತಾಳೋ ಮಾಪಣ್ಣಾ. ಪಂತರ ರಾಣಿ ಉಸಿರಾಡ್ತಾಳ" ಎಂದು ಮಾಲೀಕ ಜಗದೇವಪ್ಪ ನಾಲ್ಕು ಜನರೆದುರು ನಕ್ಕಿದ್ದ.

ಆ ಉಸಿರು ಎಲ್ಲಿಂದ ಬರುತ್ತದೆಂದು ಮಾಪಣ್ಣನಿಗೆ ಗೊತ್ತಿತ್ತು. ಕಲಬುರ್ಗಿಯ ಸ್ಟೇಶನ್ ಬಜಾರದಲ್ಲಿ ಟೆಂಟು ಹಾಕುವ ಮೂಕಿ ಸಿನೆಮಾದವರು ಕತ್ತರಿಸಿ ಒಗೆದ ಫಿಲ್ಮಿನ ತುಂಡುಗಳನ್ನು ಪಂತ ವರ್ಷಗಳಿಂದ ತಗಡಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ. ಮನಸ್ಸಿಗೆ ಹಿಡಿದದ್ದನ್ನು ಕಿಟಕಿಗೆ ಸಿಕ್ಕಿಸಿ, ಬೆಳಕಿನಲ್ಲಿ ನೋಡುತ್ತ ಕುಂಚ ಹಿಡಿಯುತ್ತಿದ್ದ. ಇದು ಕಲೆಯಲ್ಲ, ಕಳ್ಳತನ ಎಂದು ತೀರ್ಮಾನಿಸಿದ ಮಾಪಣ್ಣ, ಅದನ್ನೇ ಕದಿಯಲು ಹೊರಟ.

ಗುರುವಾರ ಮಧ್ಯಾಹ್ನ ಪಂತ ಟೆಂಟಿಗೆ ಹೋದ ಹೊತ್ತಿನಲ್ಲಿ ಹಿತ್ತಲಿನಿಂದ ಅವನ ಮನೆಯೊಳಗೆ ಹೊಕ್ಕ. ಡಬ್ಬಿ ಎತ್ತಿದ. ಕಿಟಕಿಯ ತುಂಡನ್ನೂ ಬಿಡಲಿಲ್ಲ. ಅದರಲ್ಲೊಬ್ಬ ರಾಣಿ ಕತ್ತು ಹೊರಳಿಸಿ ನೋಡುತ್ತಿದ್ದಳು. ಮೂಗುತಿ ಫಕ್ಕನೆ ಮಿಂಚಿತು. ತನ್ನ ಮನೆಗೆ ಬಂದು ಅವಳನ್ನು ಪಂತನಂತೆಯೇ ಬೆಳಕಿಗೆ ಹಿಡಿದು, ಕೂದಲೆಳೆಯೂ ತಪ್ಪದಂತೆ ಬಿಡಿಸಿಕೊಂಡ. ಆಮೇಲೆ ಎಲ್ಲವನ್ನೂ ಒಲೆಗೆ ಹಾಕಿದ. ಫಿಲ್ಮು ಭುಗ್ಗೆಂದು ಉರಿದುಹೋಯಿತು. ಡಬ್ಬಿ ಬಾವಿ ಸೇರಿತು. ಯಾರಾದರೂ ಕೇಳಿದರೆ ಉತ್ತರವೂ ಸಿದ್ಧವಿತ್ತು: ಸಿನೆಮಾ ನೋಡಿದೆ, ನೆನಪಿನಿಂದ ಬರೆದೆ. ಊರೆಲ್ಲ ನೋಡಿದ ಮುಖಕ್ಕೆ ಪಂತನೊಬ್ಬನೇ ಒಡೆಯನೇ?

ಡಬ್ಬಿ ಹೋದಮೇಲೆ ಪಂತನ ಕೈ ಓಡಲಿಲ್ಲ. ಒಪ್ಪಿಕೊಂಡ ಕೆಲಸವನ್ನು ಬಿಟ್ಟುಕೊಟ್ಟ; ಅದು ಮಾಪಣ್ಣನಿಗೆ ಬಂತು. ದಾರಿಯಲ್ಲಿ ಸಿಕ್ಕಾಗ ಪಂತ "ಆರಾಮ ಇದ್ದೀಯೇನಪಾ?" ಎಂದರೂ ಮಾಪಣ್ಣ ಆ ಮಾತನ್ನು ಮನೆವರೆಗೆ ತಿರುವಿ ತಿರುವಿ ನೋಡುತ್ತಿದ್ದ. ಇವನಿಗೆ ಗೊತ್ತಾಗಿದೆಯೇ? ಗೊತ್ತಾದರೂ ತೋರಿಸಲು ಏನಿದೆ?

ಕಮಲಾಪುರದಲ್ಲಿ ಪರದೆ ಇಳಿದಾಗ ಜನ ಸಿಳ್ಳೆ ಹೊಡೆದರು. ಮೂಗುತಿಗೆ ಮಾಪಣ್ಣ ಹೊಳೆಯುವ ಬೇಗಡೆ ಅಂಟಿಸಿದ್ದ. "ಈ ಸಲ ಉಸಿರಾಡ್ತಾಳಲೇ!" ಎಂದ ಜಗದೇವಪ್ಪ. ಮರುದಿನ ಪಂತ ಪೊಲೀಸು ಅಮೀನರನ್ನು ಕರೆದುಕೊಂಡು ಬಂದ. ಮಾಪಣ್ಣ ಬೆಚ್ಚಲಿಲ್ಲ.

"ಟೆಂಟಿನ್ಯಾಗ ಕಂಡದ್ದ ಬರದೀನ್ರೀ ಸಾಹೇಬ್ರ. ಕಿರೀಟ, ಹಾರ, ಮೂಗುತಿ, ಒಂದೂ ನಂದಲ್ಲ."

"ಮೂಗುತೀನೂ?" ಎಂದ ಪಂತ.

"ಮೂಗುತೀನೂರೀ ಪಂತ್ರ! ಕಣ್ಣು ಕುಕ್ಕೂವಂಗ ಹೊಳೀತಿತ್ತು."

ಪಂತ ಪರದೆಯ ಹತ್ತಿರ ಹೋಗಿ, ಬೇಗಡೆಯ ಮೇಲೆ ಬೆರಳಿಟ್ಟ. "ಆ ಸಿನೆಮಾ ಈ ವಾರ ಟೆಂಟಿನ್ಯಾಗ ಮತ್ತ ನಡದದ, ನೀವ ನೋಡ್ರಿ ಸಾಹೇಬ್ರ. ಅಕಿ ಮೂಗಿನ್ಯಾಗ ಏನೂ ಇಲ್ಲ. ಕಿಟಕಿ ಬಿಸಿಲು ಹಾದು ಹೊಳೀಲಿ ಅಂತ, ನನ್ನ ತುಂಡಿನ್ಯಾಗ ಸೂಜೀಲೆ ಅಕಿ ಮೂಗು ಚುಚ್ಚಿದಾಂವ ನಾನ."